ಓಟಗಾರನ ಸ್ವಂತ ನಿಮಿಷ

ಚಿಂತಾಮಣಿಯಿಂದ ಶಿಡ್ಲಘಟ್ಟದ ಕಡೆಗೆ ಹೋಗುವ ರಸ್ತೆಯಲ್ಲಾಗಲಿ, ಗೌರಿಬಿದನೂರಿನ ಹೊರವಲಯದಲ್ಲಾಗಲಿ, ಚಿಕ್ಕಬಳ್ಳಾಪುರದಿಂದ ನಂದಿಯತ್ತ ಹೊರಳುವ ದಾರಿಯಲ್ಲಾಗಲಿ, ಬೆಳಗಿನ ಜಾವ ಓಡುವವರು ಸಿಕ್ಕೇ ಸಿಗುತ್ತಾರೆ. ದೂರದಿಂದ ಎಲ್ಲರೂ ಒಂದೇ ಥರ ಕಾಣುತ್ತಾರೆ. ಹತ್ತಿರ ಬಂದಾಗ ಎರಡು ಬಗೆಯವರೆಂದು ತಿಳಿಯುತ್ತದೆ. ಮೊದಲ ಬಗೆಯವರು ಹತ್ತೊಂಬತ್ತು, ಇಪ್ಪತ್ತರ ಹುಡುಗರು. ಗುಂಪಾಗಿ ಬರುತ್ತಾರೆ. ಒಬ್ಬ ಮೊಬೈಲ್ ಹಿಡಿದು ಹೊತ್ತು ಎಣಿಸುತ್ತಾನೆ, ಉಳಿದವರು ಓಡುತ್ತಾರೆ. ದೂರ 1600 ಮೀಟರ್. ಪೊಲೀಸ್ ಕಾನ್‌ಸ್ಟೆಬಲ್ ಆಗಬೇಕೆಂದರೆ ಗಂಡುಮಕ್ಕಳು ಅದನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. ಸೈನ್ಯದ ಭರ್ತಿ ರ‍್ಯಾಲಿಯಲ್ಲಾದರೆ 5 ನಿಮಿಷ 30 ಸೆಕೆಂಡಿನೊಳಗೆ ಮುಗಿಸಿದವರಿಗೆ 60 ಅಂಕ.

ಎರಡನೆಯ ಬಗೆಯವರು ಒಬ್ಬೊಬ್ಬರೇ ಓಡುತ್ತಾರೆ. ವಯಸ್ಸು ಮೂವತ್ತರ ಆಚೀಚೆ, ಕೆಲವರದು ಐವತ್ತೂ ಇರಬಹುದು. ಶಾಲೆಯ ಮೇಷ್ಟ್ರು, ಬ್ಯಾಂಕಿನ ಗುಮಾಸ್ತರು, ಔಷಧದಂಗಡಿಯವರು. ಇವರಿಗೆ ಯಾರೂ ಅಂಕ ಕೊಡುವುದಿಲ್ಲ. ಊರ ಸುತ್ತಮುತ್ತ ನಡೆಯುವ ಐದು, ಹತ್ತು ಕಿಲೋಮೀಟರಿನ ರಸ್ತೆ ಓಟಗಳಿಗೆ ಹೆಸರು ಕೊಡುತ್ತಾರೆ, ಗೆಲ್ಲುವುದಿಲ್ಲ. ಗೆಲ್ಲಲಿಕ್ಕೆಂದು ಹೋದವರೂ ಅಲ್ಲ. ಕಳೆದ ಸಲಕ್ಕಿಂತ ಅರ್ಧ ನಿಮಿಷ ಕಡಿಮೆಯಾಯಿತೇ ಎಂಬುದಷ್ಟೇ ಅವರಿಗೆ ಬೇಕು. ಇದಕ್ಕೆ ಅವರು ‘ಪಿ.ಬಿ.’ ಎನ್ನುತ್ತಾರೆ. ಪರ್ಸನಲ್ ಬೆಸ್ಟ್. ನಮ್ಮ ಪತ್ರಿಕೆಗಳು ‘ವೈಯಕ್ತಿಕ ಶ್ರೇಷ್ಠ ಸಾಧನೆ’ ಎಂದು ಬರೆಯುತ್ತವೆ. ಓಡಿ ಏದುಸಿರು ಬಿಡುವವನು ಅಷ್ಟುದ್ದದ ಮಾತನ್ನು ಹೇಳಿ ಮುಗಿಸುವುದೇ ಕಷ್ಟ.

ಇತಿಹಾಸದ ವಿದ್ಯಾರ್ಥಿಯಾಗಿ ನನ್ನನ್ನು ಕಾಡುವುದು ಈ ಅರ್ಧ ನಿಮಿಷ. ಓಡುವವನ ಹೊತ್ತನ್ನು ಅಳೆಯುವುದು ಹಳೆಯ ಕೆಲಸ. ಆದರೆ ಆ ಹೊತ್ತು ಓಡುವವನಿಗೇ ಸೇರಿದ್ದು ಎನ್ನುವುದು ತೀರಾ ಹೊಸ ಸಂಗತಿ.

ನಮ್ಮ ಸೀಮೆಯಲ್ಲಿ ಓಟವೆಂಬುದು ಬಹುಕಾಲ ಸಂಬಳದ ಕೆಲಸವಾಗಿತ್ತು. ಚಿಕ್ಕದೇವರಾಜ ಒಡೆಯರು 1672ರಲ್ಲಿ ಆರಂಭಿಸಿದರೆಂದು ಹೇಳುವ ಮೈಸೂರಿನ ಅಂಚೆ ವ್ಯವಸ್ಥೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಂದಿಗೆ ವಿಲೀನವಾಯಿತು. ಎರಡು ಶತಮಾನಕ್ಕೂ ಮಿಕ್ಕ ಆ ಅವಧಿಯಲ್ಲಿ ಸುದ್ದಿ ಊರಿಂದೂರಿಗೆ ಹೋದದ್ದು ಬಹುಪಾಲು ಮನುಷ್ಯರ ಕಾಲಿನ ಮೇಲೆ. ಒಬ್ಬ ಒಂದು ಹಂತ ಓಡಿ ಚೀಲವನ್ನು ಇನ್ನೊಬ್ಬನಿಗೆ ದಾಟಿಸುತ್ತಿದ್ದ. ಬ್ರಿಟಿಷ್ ಅಂಚೆಯಲ್ಲಂತೂ ಚೀಲ ಹೊರಟ ಹೊತ್ತು, ತಲುಪಿದ ಹೊತ್ತು ಎರಡೂ ಕಾಗದಕ್ಕೆ ಇಳಿಯುತ್ತಿದ್ದವು. ತಡವಾದರೆ ಕೇಳುವವರಿದ್ದರು. ಬೇಗ ಬಂದರೆ? ಬೇಗ ಬಂದ ಲಾಭ ಓಲೆ ಕಳಿಸಿದವನಿಗೆ ಹೊರತು ಓಡಿದವನಿಗಲ್ಲ.

ಅಂಥ ಓಟಗಾರನಿಗೆ ಇದ್ದ ಒಂದು ಹೆಸರು ‘ಹರಿಕಾರ’. ಪಾರಸಿಯ ‘ಹರ್ಕಾರ’ದಿಂದ ಬಂದ ಮಾತು, ಓಲೆ ಒಯ್ಯುವ ಜವಾನ, ದೂತ ಎಂದರ್ಥ. ಇವತ್ತು ಕನ್ನಡದಲ್ಲಿ ಹರಿಕಾರ ಎಂದರೆ ಯಾವುದಾದರೂ ಚಳವಳಿಯ, ಸಾಹಿತ್ಯ ಪಂಥದ ಮೊದಲಿಗ. ಅಭಿನಂದನ ಗ್ರಂಥಗಳ ಶೀರ್ಷಿಕೆಯಲ್ಲಿ, ವೇದಿಕೆಯ ಬ್ಯಾನರಿನಲ್ಲಿ ಆ ಪದ ರಾರಾಜಿಸುತ್ತದೆ. ಪದಕ್ಕೆ ಬಡ್ತಿ ಸಿಕ್ಕಿತು. ಚೀಲ ಹೊತ್ತು ಓಡಿದವರ ಹೆಸರು ಮಾತ್ರ ನಮಗೆ ಗೊತ್ತಿಲ್ಲ.

ಸಂಬಳಕ್ಕಲ್ಲದೆ ಖುಷಿಗೆ ಓಡುವವನ ಕಥೆ ಬೇರೆ ಕಡೆಯಿಂದ ಶುರುವಾಗುತ್ತದೆ. ಇಂಗ್ಲೆಂಡಿನಲ್ಲಿ 1866ರಲ್ಲಿ ಅಮೆಚೂರ್ ಅಥ್ಲೆಟಿಕ್ ಕ್ಲಬ್ ಹುಟ್ಟಿದಾಗ ‘ಅಮೆಚೂರ್’ ಯಾರು ಎಂಬುದಕ್ಕೆ ಅವರು ಮಾಡಿಕೊಂಡ ನಿಯಮ, ಹಣಕ್ಕಾಗಿ ಓಡಿದವರನ್ನು ಮಾತ್ರ ಹೊರಗಿಡಲಿಲ್ಲ. ಯಂತ್ರ ರಿಪೇರಿಯವರು, ಕುಶಲಕರ್ಮಿಗಳು, ಕೂಲಿಕಾರರನ್ನೂ ಹೊರಗಿಟ್ಟಿತು. ಕೈಯಿಂದ ದುಡಿಯುವವನ ಮೈ ದುಡಿಮೆಯಿಂದಲೇ ಗಟ್ಟಿಯಾಗಿರುತ್ತದೆ, ಆದ್ದರಿಂದ ಅವನೊಡನೆ ಸ್ಪರ್ಧೆ ನ್ಯಾಯವಲ್ಲ ಎಂಬ ಸಬೂಬೂ ಇತ್ತು. 1880ರಲ್ಲಿ ಅಮೆಚೂರ್ ಅಥ್ಲೆಟಿಕ್ ಅಸೋಸಿಯೇಷನ್ ಬಂದು ಆ ಅಡ್ಡಗೋಡೆಯನ್ನು ತೆಗೆಯಿತು. ನಾವು ಈ ಪದಕ್ಕೆ ‘ಹವ್ಯಾಸಿ’ ಎಂದೆವು. ನನ್ನ ಕಿವಿಗೆ ಕನ್ನಡದ ಪದವೇ ಮೂಲಕ್ಕಿಂತ ಉದಾರವಾಗಿ ಕೇಳುತ್ತದೆ. ನಮ್ಮ ಹಳ್ಳಿಗಳಲ್ಲಿ ಹಗಲೆಲ್ಲ ಹೊಲದಲ್ಲಿದ್ದು ರಾತ್ರಿ ದುರ್ಯೋಧನನ ಗದೆ ಎತ್ತುವವನೂ ಹವ್ಯಾಸಿ ಕಲಾವಿದನೇ. ಕೂಲಿ ಮಾಡುತ್ತಾನೆ ಎಂಬ ಕಾರಣಕ್ಕೆ ಅವನ ಕಿರೀಟವನ್ನು ಯಾರೂ ಕಿತ್ತುಕೊಂಡಿಲ್ಲ.

ಈ ಎರಡು ಕಥೆಗಳು, ಅಂದರೆ ಬರಿಗಾಲಿನ ದುಡಿಯುವ ಮೈ ಮತ್ತು ಕ್ಲಬ್ಬಿನ ಗಡಿಯಾರ, ನಮ್ಮಲ್ಲಿ ಮುಖಾಮುಖಿಯಾದದ್ದು 1919ರ ಪುಣೆಯಲ್ಲಿ. ಡೆಕ್ಕನ್ ಜಿಮ್‌ಖಾನಾದ ವಾರ್ಷಿಕ ಕ್ರೀಡಾಕೂಟಕ್ಕೆ ಆಗ ಅದರ ಅಧ್ಯಕ್ಷರಾಗಿದ್ದ ದೊರಾಬ್ಜಿ ಟಾಟಾ ಬಂದಿದ್ದರು. ದೂರದ ಓಟದಲ್ಲಿದ್ದವರು ಹೆಚ್ಚಿನಂಶ ರೈತಾಪಿ ಯುವಕರು. ಬರಿಗಾಲಿನಲ್ಲಿ ಓಡಿದರು. ತರಬೇತಿ ಎಂಬ ಮಾತೇ ಇರಲಿಲ್ಲ. ಆದರೂ ಅವರ ಸಮಯಗಳನ್ನು ಯುರೋಪಿನ ಓಟಗಾರರ ಸಮಯದ ಪಕ್ಕದಲ್ಲಿಟ್ಟು ನೋಡಿದಾಗ ಟಾಟಾ ಅವರಿಗೆ ಭರವಸೆ ಮೂಡಿತು. ಮರುವರ್ಷದ ಆಂಟ್ವರ್ಪ್ ಒಲಿಂಪಿಕ್ಸ್‌ಗೆ ಭಾರತದ ಪುಟ್ಟ ತಂಡವೊಂದು ಹೊರಟದ್ದು ಹೀಗೆ. ಆ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು.

1920ರ ಆಗಸ್ಟ್ 22ರಂದು ಮ್ಯಾರಥಾನ್ ನಡೆಯಿತು. ಫಿನ್‌ಲೆಂಡಿನ ಹಾನೆಸ್ ಕೊಲೆಹ್ಮೈನೆನ್ 2 ಗಂಟೆ 32 ನಿಮಿಷ 35 ಸೆಕೆಂಡಿನಲ್ಲಿ ಗೆದ್ದ. ತಂಡದ ಇನ್ನೊಬ್ಬ ಮ್ಯಾರಥಾನ್ ಓಟಗಾರ ಸದಾಶಿವ ದಾತಾರ್ ಓಟ ಮುಗಿಸಲಾಗಲಿಲ್ಲ. ಚೌಗುಲೆ 2 ಗಂಟೆ 50 ನಿಮಿಷ 45 ಸೆಕೆಂಡಿನಲ್ಲಿ ಮುಗಿಸಿ 19ನೆಯವರಾದರು. ಕ್ರೀಡೆಯ ಪುಸ್ತಕಗಳಲ್ಲಿ ಅವರ ಬಗ್ಗೆ ಸಾಮಾನ್ಯವಾಗಿ ಇಷ್ಟು ಬರೆದು ಮುಂದಕ್ಕೆ ಹೋಗುತ್ತಾರೆ. ಹತ್ತೊಂಬತ್ತನೆಯವನ ಬಗ್ಗೆ ಇನ್ನೇನು ಬರೆಯುವುದು!

ಆದರೆ ಹವ್ಯಾಸಿ ಓಟಗಾರನ ಕಣ್ಣಿಂದ ಆ ಅಂಕಿಯನ್ನು ನೋಡಿ. ಇವತ್ತು ಮ್ಯಾರಥಾನ್ ಎಂದರೆ 42.195 ಕಿಲೋಮೀಟರ್. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಓಡಿದ ಈ ದೂರವನ್ನು ಅಂತರರಾಷ್ಟ್ರೀಯ ಸಂಸ್ಥೆ ಶಾಶ್ವತವಾಗಿ ಒಪ್ಪಿದ್ದು 1921ರಲ್ಲಿ, ಚೌಗುಲೆ ಓಡಿದ ಮರುವರ್ಷ. ಆಂಟ್ವರ್ಪಿನ ದಾರಿ 42.75 ಕಿಲೋಮೀಟರ್ ಇತ್ತು. ಒಲಿಂಪಿಕ್ಸ್ ಮ್ಯಾರಥಾನ್‌ಗಳಲ್ಲೇ ಅತಿ ಉದ್ದದ್ದು. ಅವರ ಸಮಯವನ್ನು ದೂರದಿಂದ ಭಾಗಿಸಿದರೆ ಒಂದು ಕಿಲೋಮೀಟರಿಗೆ 4 ನಿಮಿಷಕ್ಕಿಂತ ಕೂದಲೆಳೆಯಷ್ಟು ಕಡಿಮೆ ಬರುತ್ತದೆ. ಅದೇ ವೇಗದಲ್ಲಿ ಇಂದಿನ ಮ್ಯಾರಥಾನ್ ದೂರಕ್ಕೆ ಲೆಕ್ಕ ಹಾಕಿದರೆ 2 ಗಂಟೆ 48 ನಿಮಿಷ 32 ಸೆಕೆಂಡು. ಇದು ಕಾಗದದ ಲೆಕ್ಕ. ದಾಖಲೆ ಪುಸ್ತಕ ಇದನ್ನು ಒಪ್ಪುವುದಿಲ್ಲ, ಒಪ್ಪಲೂಬಾರದು. ಆದರೂ ಆ ಎರಡು ನಿಮಿಷ ಹದಿಮೂರು ಸೆಕೆಂಡು ಅವರಿಗೆ ಸಲ್ಲಬೇಕಾದದ್ದು ಎಂದು ನನಗನ್ನಿಸುತ್ತದೆ.

ಈಗ ಮತ್ತೆ ನಮ್ಮ ರಸ್ತೆಯ ಹುಡುಗರ ಲೆಕ್ಕಕ್ಕೆ ಬರೋಣ. 1600 ಮೀಟರಿಗೆ 6 ನಿಮಿಷ 30 ಸೆಕೆಂಡು ಎಂದರೆ ಕಿಲೋಮೀಟರಿಗೆ 4 ನಿಮಿಷ 4 ಸೆಕೆಂಡು. ಚೌಗುಲೆ ಅದಕ್ಕಿಂತ ತುಸು ಜೋರಾಗಿ, ಇಪ್ಪತ್ತಾರು ಪಟ್ಟಿಗೂ ಹೆಚ್ಚು ದೂರ ಓಡಿದ್ದರು. ಪೊಲೀಸ್ ಭರ್ತಿಗೆ ತಯಾರಾಗುವ ಯಾರಿಗಾದರೂ ಇದನ್ನು ಹೇಳಿ ನೋಡಿ, ಮೊದಲು ನಂಬುವುದಿಲ್ಲ, ಆಮೇಲೆ ಮೊಬೈಲ್ ತೆಗೆದು ತಾವೇ ಭಾಗಾಕಾರ ಮಾಡುತ್ತಾರೆ.

ಅದೇ 1920ರ ಜೂನ್‌ನಲ್ಲಿ ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಎಚ್. ನರಸಿಂಹಯ್ಯನವರು ಹುಟ್ಟಿದರು. 1935ರಲ್ಲಿ, ಬಸ್ಸಿಗೆ ಹಣವಿಲ್ಲದೆ, ಬೆಂಗಳೂರಿನ ನ್ಯಾಷನಲ್ ಹೈಸ್ಕೂಲಿಗೆ ಸೇರಲು ಎರಡು ದಿನ ನಡೆದೇ ಹೋದರು. ಎಂಬತ್ತು ಕಿಲೋಮೀಟರಿಗೂ ಮಿಕ್ಕ ಹಾದಿ, ಹೆಚ್ಚುಕಡಿಮೆ ಎರಡು ಮ್ಯಾರಥಾನ್. ಮುಂದೆ ಅವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಆತ್ಮಕಥೆಗೆ ‘ಹೋರಾಟದ ಹಾದಿ’ ಎಂದು ಹೆಸರಿಟ್ಟರು. ಆ ನಡಿಗೆಗೆ ಗಡಿಯಾರ ಹಿಡಿದವರಿಲ್ಲ, ಹಿಡಿಯಬೇಕಾಗಿಯೂ ಇರಲಿಲ್ಲ. ನಮ್ಮ ತಾಲ್ಲೂಕುಗಳಲ್ಲಿ ದೂರವನ್ನು ಕಾಲಿನಿಂದ ದಾಟುವುದು ಯಾವತ್ತೂ ಅಪರೂಪದ ಸಂಗತಿಯಲ್ಲ. ದಾಟಿದ್ದಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ದಾಟಿದವನೇ ಕೇಳಿಕೊಳ್ಳುವುದು ಅಪರೂಪ. ಹಾಗೆ ಕೇಳಿಕೊಳ್ಳಲು ಬೇರೆ ಯಾವ ಆತುರವೂ ಇರಬಾರದು.

ಉಳಿದಂತೆ ಅದಕ್ಕೆ ಬೇಕಾದ ಸಲಕರಣೆಗಳು ಬಂದದ್ದು ಇತ್ತೀಚೆಗೆ. ಮೊದಲನೆಯದು ದೂರದ ಅಳತೆ. 1970ರ ದಶಕದಿಂದ ಸೈಕಲ್ಲಿನ ಮುಂದಿನ ಚಕ್ರಕ್ಕೆ ಜೋನ್ಸ್ ಕೌಂಟರ್ ಎಂಬ ಪುಟ್ಟ ಎಣಿಕೆ ಯಂತ್ರ ಸಿಕ್ಕಿಸಿ ರಸ್ತೆ ಅಳೆಯುವ ಪದ್ಧತಿ ಬಂತು. ದಾರಿ ಚಿಕ್ಕದಾಗಬಾರದೆಂದು ಕಿಲೋಮೀಟರಿಗೆ ಒಂದು ಮೀಟರ್ ಹೆಚ್ಚೇ ಇಡುತ್ತಾರೆ. ನಮ್ಮ ಊರ ಓಟಗಳ ದೂರವನ್ನು ಅಳೆಯುವುದು ಬಹುತೇಕ ಮೋಟಾರ್ ಬೈಕಿನ ಮೀಟರು. ಹತ್ತು ಎಂದು ಬ್ಯಾನರಿನಲ್ಲಿರುತ್ತದೆ, ಓಡಿದವರ ಕೈಗಡಿಯಾರದಲ್ಲಿ ಒಬ್ಬರಿಗೆ 9.7, ಇನ್ನೊಬ್ಬರಿಗೆ 10.1. ಆ ಮುನ್ನೂರು ಮೀಟರಿನ ಮೇಲೆ ಉಪ್ಪಿಟ್ಟಿನ ತಟ್ಟೆ ಹಿಡಿದು ಅರ್ಧ ಗಂಟೆ ವಾದ ನಡೆಯುತ್ತದೆ. ಆಂಟ್ವರ್ಪಿನವರೇ ಅರ್ಧ ಕಿಲೋಮೀಟರ್ ಹೆಚ್ಚು ಓಡಿಸಿದ್ದರೆಂದರೆ ಸಮಾಧಾನ ಆಗಬಹುದೇನೋ.

ಎರಡನೆಯದು ಚಿಪ್. ಸಾವಿರಾರು ಜನ ಒಟ್ಟಿಗೆ ಹೊರಡುವ ಓಟದಲ್ಲಿ ಹಿಂದೆ ನಿಂತವನು ಆರಂಭದ ಗೆರೆ ಮುಟ್ಟುವಷ್ಟರಲ್ಲಿ ಮುಂದಿನವರು ಒಂದು ಕಿಲೋಮೀಟರ್ ಮುಗಿಸಿರುತ್ತಾರೆ. ಪಿಸ್ತೂಲು ಸಿಡಿದ ಕ್ಷಣದಿಂದ ಎಣಿಸಿದರೆ ಅವನ ಸಮಯ ಅವನದಲ್ಲ, ಜನಜಂಗುಳಿಯದು. 1990ರ ದಶಕದ ನಡುವಿನಲ್ಲಿ ಯುರೋಪಿನ ಓಟಗಳಲ್ಲಿ ಬೂಟಿಗೆ ಕಟ್ಟುವ ಚಿಪ್ ಬಂದ ಮೇಲೆ, ಅವನು ಗೆರೆ ದಾಟಿದಾಗ ಅವನ ಗಡಿಯಾರ ಶುರುವಾಗತೊಡಗಿತು. ನನ್ನ ದೃಷ್ಟಿಯಲ್ಲಿ ಹವ್ಯಾಸಿ ಓಟದ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ಘಟನೆ ಇಲ್ಲ. 2008ರಲ್ಲಿ ಬೆಂಗಳೂರಿನ ವರ್ಲ್ಡ್ 10ಕೆ ಶುರುವಾದ ಮೇಲೆ ನಮ್ಮ ಕಡೆಯವರಿಗೂ ದೊಡ್ಡ ರಸ್ತೆ ಓಟ ಒಂದು ಬಸ್ ಪ್ರಯಾಣದಷ್ಟು ಹತ್ತಿರವಾಯಿತು. ಜಗತ್ತಿನ ಹೆಸರಾಂತ ಓಟಗಾರರು ಬರುವ ಊರಿಗೇ ಶಿಡ್ಲಘಟ್ಟದವನೂ ಹೋಗಿ, ಅದೇ ಬೆಳಿಗ್ಗೆ, ತನ್ನ ಹೊತ್ತನ್ನು ತಾನು ಬರೆಸಿಕೊಂಡು ಬರಬಹುದಾಯಿತು.

ಇಲ್ಲಿ ಹೆಣ್ಣುಮಕ್ಕಳ ಮಾತು ಎತ್ತದಿದ್ದರೆ ತಪ್ಪಾಗುತ್ತದೆ. ಒಲಿಂಪಿಕ್ಸ್‌ನಲ್ಲಿ ಹೆಂಗಸರಿಗೆ ಮ್ಯಾರಥಾನ್ ಸಿಕ್ಕಿದ್ದು 1984ರಲ್ಲಿ, ಚೌಗುಲೆ ಓಡಿ ಅರವತ್ತನಾಲ್ಕು ವರ್ಷಗಳ ಮೇಲೆ. ಪೊಲೀಸ್ ಭರ್ತಿಯಲ್ಲಿ ಅವರಿಗೆ 400 ಮೀಟರ್, 2 ನಿಮಿಷ. ಆ ತಯಾರಿಗೆ ಅಣ್ಣನೋ ಅಪ್ಪನೋ ಸ್ಕೂಟರಿನಲ್ಲಿ ಹಿಂದೆ ಬರುವುದನ್ನು ನೋಡಿದ್ದೇನೆ. ನೌಕರಿಯ ಕಾರಣವಿದ್ದರೆ ಮನೆಯವರು ಒಪ್ಪುತ್ತಾರೆ. ಕಾರಣವೇ ಇಲ್ಲದೆ, ಸುಮ್ಮನೆ, ಕತ್ತಲಿರುವಾಗ ಓಡಲು ಹೋಗುತ್ತೇನೆ ಎನ್ನುವ ಮದುವೆಯಾದ ಹೆಂಗಸು ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ನನಗಿನ್ನೂ ಸಿಕ್ಕಿಲ್ಲ. 1866ರ ನಿಯಮ ಎಲ್ಲೂ ಬರೆದಿಲ್ಲದಿದ್ದರೂ ಕೆಲವರ ಮಟ್ಟಿಗೆ ಇನ್ನೂ ಜಾರಿಯಲ್ಲಿದೆ.

ಗಂಡಸರಿಗೂ ಅದು ಅಷ್ಟು ಸಲೀಸಲ್ಲ. ಶಿಡ್ಲಘಟ್ಟದ ಬಳಿ ನನಗೆ ಪರಿಚಯದ ಓಟಗಾರರೊಬ್ಬರಿದ್ದಾರೆ. ಮನೆಯಲ್ಲಿ ರೇಷ್ಮೆ ಬೆಳೆ. ಅವರ ಓಟದ ವೇಳಾಪಟ್ಟಿ ನಿರ್ಧಾರವಾಗುವುದು ಹುಳುವಿನಿಂದ. ಹುಳು ನಾಲ್ಕನೇ ಜ್ವರ ಎದ್ದಿತೆಂದರೆ ಹಗಲು ರಾತ್ರಿ ಎನ್ನದೆ ಸೊಪ್ಪು ತಿನ್ನುತ್ತದೆ. ಒಂದು ವಾರ ಹಿಪ್ಪುನೇರಳೆ ತೋಟಕ್ಕೂ ಹುಳುಮನೆಗೂ ಓಡಾಟವೇ ಹೊರತು ಓಟವಿಲ್ಲ. ಹುಳು ಹಣ್ಣಾಗಿ ಚಂದ್ರಿಕೆ ಏರಿ, ಗೂಡು ಬಿಡಿಸಿ, ಮಾರುಕಟ್ಟೆಗೆ ಹಾಕಿ ಬಂದ ಮರುದಿನ ಮತ್ತೆ ರಸ್ತೆಗೆ. ಅಂಥ ವಾರದ ಕೊನೆಗೇ ಊರ ಓಟ ಬಿದ್ದರೆ ಆ ಸಲದ ಪಿ.ಬಿ. ಕೈಬಿಟ್ಟಂತೆಯೇ.

ಅವರೂ ಶುರು ಮಾಡಿದ್ದು ಪೊಲೀಸ್ ಕೆಲಸಕ್ಕಾಗಿ. ಓಟದಲ್ಲಿ ಪಾಸಾದರು, ಕೆಲಸ ಸಿಗಲಿಲ್ಲ, ವಯೋಮಿತಿ ದಾಟಿತು. ಜೊತೆಗೆ ಓಡುತ್ತಿದ್ದವರೆಲ್ಲ ಬಿಟ್ಟರು. ಇವರು ಬಿಡಲಿಲ್ಲ. ಯಾಕೆ ಎಂದು ಕೇಳಿದೆ. “ಅಷ್ಟು ದಿನ ಟೈಮು ಅವರ್ದು ಸರ್, ಆರೂವರೆ ಅಂದ್ರೆ ಆರೂವರೆ. ಆಮೇಲೆ ಕೇಳೋರೇ ಇಲ್ವಲ್ಲ, ಸರಿ ನಂದು ಎಷ್ಟು ನೋಡೋಣ ಅಂತ” ಎಂದರು. ಹಾಲಿನ ಡೇರಿಯ ಹಳೇ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಒಂಬತ್ತು ವರ್ಷದ ಓಟಗಳನ್ನು ಬರೆದಿಟ್ಟಿದ್ದಾರೆ: ತಾರೀಕು, ದೂರ, ಸಮಯ. ಅಲ್ಲಲ್ಲಿ ಪಕ್ಕದಲ್ಲಿ ‘ಮಳೆ’, ‘ಹುಳ’ ಎಂದಿದೆ. ಹತ್ತು ಕಿಲೋಮೀಟರಿಗೆ ಅವರ ಅತ್ಯುತ್ತಮ ಸಮಯ 48 ನಿಮಿಷ 40 ಸೆಕೆಂಡು. ಚೌಗುಲೆಯವರ ಲೆಕ್ಕವನ್ನು ಹೇಳಿದಾಗ ಪೆನ್ನು ತೆಗೆದು, ತಮ್ಮ 4.52ರ ಮೇಲೆ 3.59 ಎಂದು ಬರೆದುಕೊಂಡರು. ಆಮೇಲೆ, “ಅವರ ಮನೇಲಿ ರೇಷ್ಮೆ ಇತ್ತಾ ಸರ್?” ಎಂದು ಕೇಳಿದರು.