ಗಿಡ ನೋಡಿ ನೆಲ ಅಳೆಯಬಹುದೇ? ಒಕವಾಂಗೊ ಜೌಗಿನ ಸೂಕ್ಷ್ಮ ಭೂಸ್ವರೂಪ ನಕ್ಷೆಯ ಕುರಿತು ಒಂದು ಆಕ್ಷೇಪ

ಬೋಟ್ಸ್‌ವಾನಾದ ಒಕವಾಂಗೊ ಜೌಗುನಾಡು 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅದರ ಇಳಿಜಾರು ಕಿಲೋಮೀಟರಿಗೆ ಸುಮಾರು 30 ಸೆಂ.ಮೀ.; ಸ್ಥಳೀಯ ಏರಿಳಿತ ಎರಡು ಮೂರು ಮೀಟರ್ ದಾಟುವುದು ಅಪರೂಪ. 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯ ರಾಡಾರ್ ಅಳೆದ ಎತ್ತರಗಳಲ್ಲಿ, ಮರ ದಟ್ಟವಾಗಿರುವ ಕಡೆ, ನೆಲಕ್ಕಿಂತ ಮರದ ನೆತ್ತಿಯೇ ಹೆಚ್ಚು ಕಾಣುತ್ತದೆ. ಇಷ್ಟರಲ್ಲಿ ಯಾರ ತಕರಾರೂ ಇಲ್ಲ.

ತಕರಾರು ಇರುವುದು ಬೇರೊಂದು ವಿಧಾನದ ಬಗ್ಗೆ. ಗುಂಬ್ರಿಕ್ಟ್, ಮೆಕಾರ್ಥಿ ಮತ್ತು ಬಾವರ್ 2005ರಲ್ಲಿ ಉಪಗ್ರಹ ಚಿತ್ರಗಳಿಂದ ಸಸ್ಯಸಮುದಾಯಗಳನ್ನು ವಿಂಗಡಿಸಿ, ಒಂದೊಂದು ವರ್ಗಕ್ಕೂ ಒಂದೊಂದು ಎತ್ತರ ಕೊಟ್ಟು ಸೂಕ್ಷ್ಮ ನಕ್ಷೆ ರಚಿಸಿದರು. ನೆಲದ ಎತ್ತರ ನೀರು ನಿಲ್ಲುವ ಅವಧಿಯನ್ನು ನಿರ್ಧರಿಸುತ್ತದೆ, ಆ ಅವಧಿ ಗಿಡವನ್ನು ನಿರ್ಧರಿಸುತ್ತದೆ ಎಂಬುದು ಅದರ ತರ್ಕ. ಜಾಣ ಉಪಾಯವೇ ಸರಿ. ಎರಡನೆಯ ಕೊಂಡಿಯನ್ನು ನಾನು ಪ್ರಶ್ನಿಸುತ್ತಿಲ್ಲ, ಸಡಿಲವಾಗಿರುವುದು ಮೊದಲನೆಯದು.

ಪಪೈರಸ್ ಜೊಂಡು ಕಟ್ಟಿದ ದಂಡೆಗಳ ನಡುವೆ ಹರಿಯುವ ಕಾಲುವೆಯ ತಳದಲ್ಲಿ ಮರಳು ಕೂಡುತ್ತ ಹೋಗುತ್ತದೆ. ಕಾಲುವೆ ಮೇಲೇರುತ್ತದೆ, ಕೊನೆಗೆ ನೀರು ಬೇರೆ ದಾರಿ ಹಿಡಿಯುತ್ತದೆ. 19ನೆಯ ಶತಮಾನದಲ್ಲಿ ಪಶ್ಚಿಮದ ಥಾವೊಗೆ ಕವಲು ಕ್ಷೀಣಿಸಿದ್ದು ಹೀಗೆಯೇ. ನೀರು ತೊರೆದ ಮೇಲೆ ಪೀಟ್ ಮಣ್ಣು ಒಣಗಿ, ಒಳಗೊಳಗೇ ಹೊತ್ತಿ ಉರಿದು ಕುಸಿಯುತ್ತದೆ. ಹಳೆಯ ಪಾತ್ರದ ಮರಳು ಮಾತ್ರ ಏರಿಯಂತೆ ಉಳಿಯುತ್ತದೆ. ಈಗ ಕುಸಿದ ನೆಲದಲ್ಲಿ ಬೆಳೆಯುವುದು ಒಣನೆಲದ ಹುಲ್ಲು. ವರ್ಗಪಟ್ಟಿ ಆ ಹುಲ್ಲಿಗೆ ಎತ್ತರದ ಅಂಕಿ ಕೊಡುತ್ತದೆ. ಆದ್ದರಿಂದ ಇಂಥ ಜಾಗಗಳಲ್ಲಿ ನಕ್ಷೆ ಬರೀ ಅಂದಾಜು ತಪ್ಪುವುದಿಲ್ಲ, ತಗ್ಗನ್ನೇ ದಿಬ್ಬವೆಂದು ತೋರಿಸುತ್ತಿರಬಹುದು ಎಂದು ನನ್ನ ವಾದ.

"ತೋರಿಸುತ್ತಿರಬಹುದು" ಎಂದದ್ದು ಬೇಕೆಂದೇ. ಇದು ಪ್ರಕ್ರಿಯೆಯಿಂದ ಹೊರಟ ಅನುಮಾನ, ಮಟ್ಟದ ಅಳತೆಯಿಂದ ಬಂದ ತೀರ್ಮಾನವಲ್ಲ. ನೀರು ತೊರೆದ ಕವಲುಗಳ ಆಚೆಗೆ ಇದನ್ನು ಎಳೆಯುವಂತೆಯೂ ಇಲ್ಲ. ದ್ವೀಪಗಳಲ್ಲಂತೂ ಗಿಡವೇ ರಾಡಾರ್‌ಗಿಂತ ನಂಬಿಕಸ್ಥ ಸಾಕ್ಷಿ: ಅಂಚಿನ ಮರಗಳು ನೀರು ಹೀರಿದಂತೆ ಲವಣಗಳು ಮಣ್ಣಿನಲ್ಲಿ ಗಟ್ಟಿಯಾಗಿ ಅಂಚು ಉಬ್ಬುತ್ತದೆ, ನಡುವೆ ಉಪ್ಪುನೆಲದ ಹುಲ್ಲು ಮಾತ್ರ ಬದುಕುತ್ತದೆ. ಈ ಹುಲ್ಲನ್ನು ನೆರೆಬಯಲಿನ ಹುಲ್ಲಿನಿಂದ ಬೇರ್ಪಡಿಸಿದರೆ ಸಾಕು, ಅವರ ವಿಧಾನ ಅಲ್ಲಿ ಚೆನ್ನಾಗಿಯೇ ನಿಲ್ಲುತ್ತದೆ.

2018ರಲ್ಲಿ ಹಾರಿದ ಐಸ್‌ಸ್ಯಾಟ್-2 ಉಪಗ್ರಹದ ಲೇಸರ್ ಗೆರೆಗಳು ಥಾವೊಗೆಯನ್ನು ಹಾಯುವ ಜಾಗಗಳಲ್ಲಿ ಈ ವಾದವನ್ನು ಒರೆಗೆ ಹಚ್ಚಬಹುದು. ಆದರೆ ಗೆರೆ ಗೆರೆಗಳ ನಡುವೆ ತೆರಪು ದೊಡ್ಡದು. ಎತ್ತರದ ಹುಲ್ಲಿನ ಬುಡದಿಂದ ಮರಳುವ ಬೆಳಕಿನಲ್ಲಿ ಅರ್ಧ ಮೀಟರಿನ ಏರಿಯನ್ನು ಗುರುತಿಸಲು ಸಾಧ್ಯವೇ ಎಂಬುದು ಮೊದಲು ಇತ್ಯರ್ಥವಾಗಬೇಕು.