ಹಾವೇರಿಯಲ್ಲಿ ಸೂರ್ಯ, ರಾಣೆಬೆನ್ನೂರಿನಲ್ಲಿ ಯುರೇನಸ್: ದೂರದ ದೈತ್ಯ ಗ್ರಹವನ್ನು ಮಕ್ಕಳಿಗೆ ಪರಿಚಯಿಸುವುದು ಹೇಗೆ?

ಆಕಾಶದಲ್ಲಿ ಗ್ರಹಗಳು ಸಾಲಾಗಿ ಕಾಣುತ್ತವೆ ಎಂಬ ಸುದ್ದಿ ಬಂದಾಗಲೆಲ್ಲ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಎರಡು ಬಗೆಯ ಫಾರ್ವರ್ಡ್‌ಗಳು ಓಡಾಡುತ್ತವೆ. ಒಂದರಲ್ಲಿ ಬಣ್ಣಬಣ್ಣದ ದೊಡ್ಡ ಗೋಲಗಳು ಗುಡ್ಡದ ಮೇಲೆ ಸಾಲಾಗಿ ನಿಂತಿರುತ್ತವೆ. ಇನ್ನೊಂದರಲ್ಲಿ ‘ಗ್ರಹಗಳ ಸೆಳೆತದಿಂದ ಭೂಕಂಪ ಆಗಲಿದೆ, ಎಚ್ಚರ’ ಎಂದಿರುತ್ತದೆ. 2025ರ ಜನವರಿ, ಫೆಬ್ರವರಿಯಲ್ಲೂ ಇಂಥವನ್ನು ನೋಡಿದ್ದೇವೆ. ಮೊದಲನೆಯದನ್ನು ನಂಬಿದ ಮಗು ಮಾಳಿಗೆ ಹತ್ತಿ, ಏನೂ ಕಾಣದೆ ಬೇಸರದಿಂದ ಇಳಿಯುತ್ತದೆ. ಎರಡನೆಯದನ್ನು ಕೇಳಿದ ಮಗು ಹೆದರಿ ಮಲಗುತ್ತದೆ.

ಎರಡಕ್ಕೂ ಮದ್ದು ಒಂದೇ. ಗ್ರಹಗಳು ಎಷ್ಟು ದೂರ ಇವೆ ಎಂಬುದು ಮಗುವಿಗೆ ಅಂದಾಜಾಗಬೇಕು. ಅದಕ್ಕೆ ನಾವು ಯುರೇನಸ್ ಗ್ರಹವನ್ನು ಆರಿಸಿಕೊಂಡಿದ್ದೇವೆ. ಅಳತೆಪಟ್ಟಿಯಾಗಿ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಊರುಗಳನ್ನೇ ಬಳಸೋಣ.

ಮೂರು ಊರುಗಳ ಸೌರಮಂಡಲ

ಪಠ್ಯಪುಸ್ತಕದ ಒಂದೇ ಪುಟದಲ್ಲಿ ಎಂಟೂ ಗ್ರಹಗಳನ್ನು ತೋರಿಸಬೇಕಾಗುತ್ತದೆ. ಹಾಗಾಗಿ ಚಿತ್ರದಲ್ಲಿ ಅವು ಒಂದಕ್ಕೊಂದು ತಾಗಿದಂತೆ ಇರುತ್ತವೆ. ಅದು ಜಾಗದ ಕೊರತೆಯೇ ಹೊರತು ನಿಜವಾದ ಅಳತೆಯಲ್ಲ.

ಹಾವೇರಿಯಿಂದ ರಾಣೆಬೆನ್ನೂರಿಗೆ ನೇರ ಗೆರೆ ಎಳೆದರೆ ಸುಮಾರು 30 ಕಿ.ಮೀ. ಹಾವೇರಿಯಲ್ಲಿ ಸೂರ್ಯ, ರಾಣೆಬೆನ್ನೂರಿನಲ್ಲಿ ಯುರೇನಸ್ ಇದೆ ಎಂದುಕೊಳ್ಳಿ. ಉಳಿದ ಗ್ರಹಗಳು ಸೂರ್ಯನಿಂದ ಇಷ್ಟಿಷ್ಟು ದೂರದಲ್ಲಿ ಬರುತ್ತವೆ:

- ಬುಧ: ಸುಮಾರು 600 ಮೀಟರ್
- ಶುಕ್ರ: 1.1 ಕಿ.ಮೀ.
- ಭೂಮಿ: ಒಂದೂವರೆ ಕಿ.ಮೀ.ಗೆ ತುಸು ಹೆಚ್ಚು
- ಮಂಗಳ: 2.4 ಕಿ.ಮೀ.
- ಗುರು: 8 ಕಿ.ಮೀ.
- ಶನಿ: 15 ಕಿ.ಮೀ., ಅಂದರೆ ಹೆಚ್ಚುಕಡಿಮೆ ಬ್ಯಾಡಗಿ
- ಯುರೇನಸ್: 30 ಕಿ.ಮೀ., ರಾಣೆಬೆನ್ನೂರು
- ನೆಪ್ಚೂನ್: 47 ಕಿ.ಮೀ., ಹರಿಹರ ತಲುಪುವ ಸ್ವಲ್ಪ ಮುಂಚೆ

ಬುಧ, ಶುಕ್ರ, ಭೂಮಿ, ಮಂಗಳ ನಾಲ್ಕೂ ಹಾವೇರಿಯ ಆಸುಪಾಸಿನಲ್ಲೇ ಮುಗಿದವು. ಬ್ಯಾಡಗಿ ದಾಟಿದ ಮೇಲೆ ರಾಣೆಬೆನ್ನೂರಿನವರೆಗೆ ಒಂದು ಗ್ರಹವೂ ಇಲ್ಲ. ಹಾವೇರಿ ಕಡೆಯ ಮಕ್ಕಳು ಈ ದಾರಿಯಲ್ಲಿ ಬಸ್ಸಿನಲ್ಲೋ ರೈಲಿನಲ್ಲೋ ಹೋಗುವಾಗ ‘ಈಗ ಯಾವ ಗ್ರಹ ದಾಟಿದೆವು?’ ಎಂದು ಕೇಳಿ ನೋಡಿ. ಪುಟಗಟ್ಟಲೆ ವಿವರಣೆಗಿಂತ ಈ ಆಟ ಹೆಚ್ಚು ಕಲಿಸುತ್ತದೆ.

ಗಾತ್ರವನ್ನೂ ಇದೇ ಅಳತೆಗೆ ಇಳಿಸೋಣ. ಸೂರ್ಯ ಹದಿನಾಲ್ಕೂವರೆ ಮೀಟರ್ ಅಗಲದ ಗೋಲ, ನಾಲ್ಕೈದು ಅಂತಸ್ತಿನ ಕಟ್ಟಡದಷ್ಟು ಎತ್ತರ. ಭೂಮಿ ಒಂದು ಸುಲಿದ ತೆಂಗಿನಕಾಯಿ. ಯುರೇನಸ್ ಅರ್ಧ ಮೀಟರ್ ಅಗಲದ ನೀರಿನ ಹಂಡೆ. ನಿಜದಲ್ಲಿ ಯುರೇನಸ್‌ನ ಅಗಲ ಭೂಮಿಯ ನಾಲ್ಕು ಪಟ್ಟು. ಒಳಗೆ ಸುಮಾರು 63 ಭೂಮಿಗಳು ಹಿಡಿಸುವಷ್ಟು ಜಾಗ.

ಬೆಳಕಿನ ವೇಗವೂ ಇಲ್ಲಿ ಮಕ್ಕಳಿಗೆ ಅರ್ಥವಾಗುತ್ತದೆ. ಸೂರ್ಯನ ಬೆಳಕು ಯುರೇನಸ್ ಮುಟ್ಟಲು ಸುಮಾರು 2 ಗಂಟೆ 40 ನಿಮಿಷ ಬೇಕು. ನಮ್ಮ ಅಳತೆಯಲ್ಲಿ ಅದು ಹಾವೇರಿಯಿಂದ ರಾಣೆಬೆನ್ನೂರಿಗೆ ಗಂಟೆಗೆ 11 ಕಿ.ಮೀ. ವೇಗದಲ್ಲಿ ಆರಾಮಾಗಿ ಸೈಕಲ್ ತುಳಿದಂತೆ. ಬೆಳಕಿಗೇ ಇಷ್ಟು ಹೊತ್ತು ಹಿಡಿಯುತ್ತದೆ ಎಂದರೆ ದಾರಿ ಎಷ್ಟು ದೊಡ್ಡದು ಎಂದು ಲೆಕ್ಕ ಹಾಕಲಿ.

ಯುರೇನಸ್ ನಮ್ಮನ್ನು ಎಳೆಯುತ್ತದೆಯೇ?

ಈಗ ಭೂಕಂಪದ ಫಾರ್ವರ್ಡ್‌ಗೆ ಬರೋಣ. ಇದೇ ಅಳತೆಯಲ್ಲಿ ಚಂದ್ರ ಒಂದು ನಿಂಬೆಹಣ್ಣು. ತೆಂಗಿನಕಾಯಿಯಿಂದ ಅದು ಬರೀ 4 ಮೀಟರ್ ದೂರದಲ್ಲಿದೆ. ಯುರೇನಸ್ ಎಂಬ ಹಂಡೆ ಹತ್ತಿರ ಬಂದಾಗಲೂ 28 ಕಿ.ಮೀ. ಆಚೆ ಇರುತ್ತದೆ. ಸಮುದ್ರದಲ್ಲಿ ಉಬ್ಬರವಿಳಿತ ಉಂಟುಮಾಡುವ ಸೆಳೆತವನ್ನು ಲೆಕ್ಕ ಹಾಕಿದರೆ ಚಂದ್ರನದು ಯುರೇನಸ್‌ನದಕ್ಕಿಂತ ಸುಮಾರು 30 ಕೋಟಿ ಪಟ್ಟು ಹೆಚ್ಚು. ದಿನವೂ ನಮ್ಮ ಮೇಲೆ ಹಾದುಹೋಗುವ ಚಂದ್ರನಿಗೆ ಹೆದರದವರು ಯುರೇನಸ್‌ಗೆ ಹೆದರಬೇಕಿಲ್ಲ.

‘ಸಾಲು’ ಎಂಬುದೂ ನಮ್ಮ ಕಣ್ಣಿಗೆ ಕಾಣುವ ನೋಟ ಅಷ್ಟೆ. ಗ್ರಹಗಳೆಲ್ಲ ಹೆಚ್ಚುಕಡಿಮೆ ಒಂದೇ ಸಮತಟ್ಟಿನಲ್ಲಿ ಸೂರ್ಯನನ್ನು ಸುತ್ತುತ್ತವೆ. ಆದ್ದರಿಂದ ಯಾವ ರಾತ್ರಿ ನೋಡಿದರೂ ಅವು ಆಕಾಶದಲ್ಲಿ ಒಂದೇ ಬಾಗಿದ ಗೆರೆಯ ಗುಂಟ ಇರುತ್ತವೆ. ಒಮ್ಮೊಮ್ಮೆ ಹಲವು ಗ್ರಹಗಳು ಒಟ್ಟಿಗೆ ಸೂರ್ಯನ ಒಂದೇ ಬದಿಗೆ ಬಂದಾಗ ‘ಮೆರವಣಿಗೆ’ ಎನ್ನುತ್ತೇವೆ.

ಮಲಗಿ ಉರುಳುವ ಗ್ರಹ

ಯುರೇನಸ್‌ನ ದೊಡ್ಡ ವಿಶೇಷ ಅದರ ವಾಲಿಕೆ. ಭೂಮಿ ಸುಮಾರು 23.5 ಡಿಗ್ರಿ ವಾಲಿ ತಿರುಗುತ್ತದೆ. ಯುರೇನಸ್ ಸುಮಾರು 98 ಡಿಗ್ರಿ ವಾಲಿದೆ, ಅಂದರೆ ಪೂರ್ತಿ ಮಲಗಿಯೇ ತಿರುಗುತ್ತದೆ. ಇದನ್ನು ಮನೆಯಲ್ಲೇ ತೋರಿಸಬಹುದು.

ಒಂದು ನಿಂಬೆಹಣ್ಣಿನ ನಡುವೆ ಊದುಬತ್ತಿಯ ಕಡ್ಡಿ ಚುಚ್ಚಿ. ಕತ್ತಲೆ ಕೋಣೆಯ ನಡುವೆ ಒಂದು ಬಲ್ಬ್ ಇಡಿ. ಕಡ್ಡಿಯನ್ನು ಅಡ್ಡ ಹಿಡಿದು, ಅದರ ತುದಿ ಯಾವಾಗಲೂ ಒಂದೇ ಗೋಡೆಯ ಕಡೆ ಇರುವಂತೆ ನೋಡಿಕೊಂಡು ಮಗು ಬಲ್ಬಿನ ಸುತ್ತ ನಡೆಯಲಿ. ಒಂದು ಕಡೆ ಬಂದಾಗ ಕಡ್ಡಿಯ ತುದಿ ಬಲ್ಬಿನತ್ತ ತಿರುಗಿರುತ್ತದೆ. ಆಗ ಕಡ್ಡಿಯನ್ನು ಎಷ್ಟು ತಿರುಗಿಸಿದರೂ ನಿಂಬೆಯ ಅದೇ ಅರ್ಧಕ್ಕೆ ಬೆಳಕು. ಕಾಲು ಸುತ್ತು ಮುಂದೆ ಹೋದರೆ ಎರಡೂ ಅರ್ಧಕ್ಕೆ ಸರದಿಯಂತೆ ಹಗಲು, ರಾತ್ರಿ. ಅರ್ಧ ಸುತ್ತು ಮುಗಿದಾಗ ಮೊದಲು ಕತ್ತಲೆಯಲ್ಲಿದ್ದ ಅರ್ಧಕ್ಕೆ ಬೆಳಕು.

ಯುರೇನಸ್ ತನ್ನ ಸುತ್ತ ತಾನು ತಿರುಗಲು ಸುಮಾರು 17 ಗಂಟೆ ಸಾಕು. ಸೂರ್ಯನನ್ನು ಒಂದು ಸುತ್ತು ಹಾಕಲು 84 ವರ್ಷ ಬೇಕು. ಹಾಗಾಗಿ ಅದರ ಧ್ರುವದಲ್ಲಿ ಸುಮಾರು 42 ವರ್ಷ ಹಗಲು, 42 ವರ್ಷ ರಾತ್ರಿ. ನಮ್ಮಲ್ಲಿ ಎಂಬತ್ತು ದಾಟಿದ ಹಿರಿಯರಿಗೆ ಸಹಸ್ರ ಚಂದ್ರ ದರ್ಶನದ ಶಾಂತಿ ಮಾಡುವ ಪದ್ಧತಿ ಹಲವು ಮನೆಗಳಲ್ಲಿದೆ. ಸಾವಿರ ಹುಣ್ಣಿಮೆ ಕಂಡ ಆ ಅಜ್ಜಿಗೆ ಯುರೇನಸ್ ಲೆಕ್ಕದಲ್ಲಿ ಇನ್ನೂ ಒಂದು ವರ್ಷ ತುಂಬಿಲ್ಲ ಎಂದು ಹೇಳಿದರೆ ಮೊಮ್ಮಕ್ಕಳು ಮರೆಯುವುದಿಲ್ಲ.

ಕಂಡುಹಿಡಿದವರು ಯಾರು? ನಮ್ಮ ಪಾಲು ಏನು?

ವಿಲಿಯಂ ಹರ್ಷೆಲ್ 1781ರ ಮಾರ್ಚ್ 13ರಂದು ಇಂಗ್ಲೆಂಡಿನ ಬಾತ್ ಊರಿನಲ್ಲಿ ದೂರದರ್ಶಕದಿಂದ ಇದನ್ನು ಗುರುತಿಸಿದರು. ಮೊದಲು ಧೂಮಕೇತು ಎಂದುಕೊಂಡಿದ್ದರು. ಅಲ್ಲಿಯವರೆಗೆ ಶನಿಯೇ ಕೊನೆಯ ಗ್ರಹ. ಬ್ಯಾಡಗಿಗೆ ಮುಗಿದಿದ್ದ ಸೌರಮಂಡಲ ರಾಣೆಬೆನ್ನೂರಿನವರೆಗೆ ಬೆಳೆದದ್ದು ಆಗಲೇ. ಆ ದಿನದಿಂದ ಇಂದಿನವರೆಗೆ ಯುರೇನಸ್ ಎರಡು ಸುತ್ತು ಮುಗಿಸಿದೆ. ಮೂರನೆಯದು ಮುಗಿಯುವುದು 2033ರಲ್ಲಿ.

ಯುರೇನಸ್‌ಗೂ ಉಂಗುರಗಳಿವೆ ಎಂಬುದು ತಿಳಿದದ್ದು 1977ರ ಮಾರ್ಚ್ 10ರಂದು. ಅಂದು ಯುರೇನಸ್ ಒಂದು ನಕ್ಷತ್ರದ ಮುಂದೆ ಹಾದುಹೋಗುವುದಿತ್ತು. ಅಮೆರಿಕದ ಜೇಮ್ಸ್ ಎಲಿಯಟ್ ಮತ್ತು ಸಂಗಡಿಗರು ವಿಮಾನದಲ್ಲಿ ಅಳವಡಿಸಿದ ದೂರದರ್ಶಕದಿಂದ ಹಿಂದೂ ಮಹಾಸಾಗರದ ಮೇಲೆ ಹಾರುತ್ತ ನೋಡಿದರು. ಗ್ರಹ ಅಡ್ಡ ಬರುವ ಮೊದಲೇ ನಕ್ಷತ್ರ ಹಲವು ಬಾರಿ ಮಿಣುಕಿತು. ಆಮೇಲೂ ಹಾಗೇ ಆಯಿತು. ಅಡ್ಡ ಬಂದದ್ದು ತೆಳುವಾದ ಉಂಗುರಗಳು.

ಅದೇ ರಾತ್ರಿ ತಮಿಳುನಾಡಿನ ಕಾವಲೂರಿನಲ್ಲಿ ಒಂದು ಮೀಟರ್ ದೂರದರ್ಶಕದ ಮುಂದೆ ಜೆ.ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ಇದ್ದರು. ನಕ್ಷತ್ರದ ಬೆಳಕು ಕುಗ್ಗಿದ್ದನ್ನು ಅವರೂ ದಾಖಲಿಸಿದರು. ಆ ವೀಕ್ಷಣಾಲಯವನ್ನು ನಡೆಸುವುದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ. ಇಂದು ಯುರೇನಸ್‌ಗೆ 13 ಉಂಗುರಗಳಿವೆ ಎಂದು ಗೊತ್ತಿದೆ. ಹತ್ತಿರ ಹೋಗಿ ನೋಡಿದ ನೌಕೆ ಒಂದೇ, ವಾಯೇಜರ್ 2. ಅದು ಹಾದುಹೋದದ್ದು 1986ರ ಜನವರಿ 24ರಂದು.

ಫಾರ್ವರ್ಡ್ ಮಾತು, ನಿಜ ಸಂಗತಿ

‘ರಾಹು ಎಂದರೆ ಯುರೇನಸ್, ಕೇತು ಎಂದರೆ ನೆಪ್ಚೂನ್.’ ಅಲ್ಲ. ಚಂದ್ರನ ದಾರಿ ಮತ್ತು ಆಕಾಶದಲ್ಲಿ ಸೂರ್ಯನ ದಾರಿ ಎರಡು ಕಡೆ ಒಂದನ್ನೊಂದು ದಾಟುತ್ತವೆ. ಆ ಎರಡು ಬಿಂದುಗಳೇ ರಾಹು, ಕೇತು. ಗ್ರಹಣಗಳಾಗುವುದು ಅವುಗಳ ಆಸುಪಾಸಿನಲ್ಲಿ. ಅಲ್ಲಿ ಯಾವ ಗೋಲವೂ ಇಲ್ಲ. ನವಗ್ರಹಗಳಲ್ಲಿ ಯುರೇನಸ್ ಸೇರಿಲ್ಲ.

‘ಯುರೇನಸ್ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ.’ ಇದರಲ್ಲಿ ಹುರುಳಿದೆ. ಅದರ ಮೇಲ್ಮೋಡಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಇರುವುದನ್ನು 2018ರಲ್ಲಿ ವಿಜ್ಞಾನಿಗಳು ತೋರಿಸಿದರು. ಕೊಳೆತ ಮೊಟ್ಟೆಯ ನಾತ ಅದೇ ಅನಿಲದ್ದು. ಆದರೆ ಅಲ್ಲಿ ಉಸಿರಾಡಲು ಆಗದು. ಚಳಿ ಸೊನ್ನೆಗಿಂತ 224 ಡಿಗ್ರಿ ಕೆಳಗಿನವರೆಗೂ ಇಳಿಯುತ್ತದೆ.

‘ಅಲ್ಲಿ ವಜ್ರದ ಮಳೆ ಸುರಿಯುತ್ತದೆ.’ ಗ್ರಹದ ಆಳದಲ್ಲಿ ಭಾರೀ ಒತ್ತಡದಿಂದ ಇಂಗಾಲ ವಜ್ರವಾಗಬಹುದು ಎಂದು ಪ್ರಯೋಗಾಲಯದ ಪ್ರಯೋಗಗಳು ಸೂಚಿಸಿವೆ. ಅದನ್ನು ಯಾರೂ ಕಣ್ಣಾರೆ ಕಂಡಿಲ್ಲ. ‘ಇರಬಹುದು’ ಎಂದು ಹೇಳಿ, ‘ಇದೆ’ ಎನ್ನಬೇಡಿ.

‘ನೆಪ್ಚೂನ್ ಕಡು ನೀಲಿ, ಯುರೇನಸ್ ತಿಳಿ ಹಸಿರು.’ ನೆಪ್ಚೂನ್‌ನ ಪ್ರಸಿದ್ಧ ಚಿತ್ರದಲ್ಲಿ ಮೋಡಗಳು ಎದ್ದು ಕಾಣಲೆಂದು ಬಣ್ಣ ಗಾಢ ಮಾಡಲಾಗಿತ್ತು. ಎರಡೂ ಹೆಚ್ಚುಕಡಿಮೆ ಒಂದೇ ಬಗೆಯ ಹಸಿರುಮಿಶ್ರಿತ ತಿಳಿನೀಲಿ ಎಂದು 2024ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಕೆಂಪು ಬೆಳಕನ್ನು ಮೀಥೇನ್ ಹೀರಿಕೊಳ್ಳುವುದೇ ಈ ಬಣ್ಣಕ್ಕೆ ಮುಖ್ಯ ಕಾರಣ.

ನೋಡುವುದು ಹೇಗೆ?

ತೀರಾ ಕತ್ತಲೆಯ ಜಾಗದಲ್ಲಿ, ಒಳ್ಳೆಯ ದೃಷ್ಟಿಯವರಿಗೆ ಯುರೇನಸ್ ಬರಿಗಣ್ಣಿಗೆ ಕಂಡೂ ಕಾಣದಷ್ಟು ಮಂಕಾಗಿರುತ್ತದೆ. ಊರ ದೀಪಗಳ ನಡುವೆ ಕಾಣುವುದಿಲ್ಲ. ಸಾಧಾರಣ ಬೈನಾಕ್ಯುಲರ್ ಇದ್ದರೆ ಸಾಕು. 2025-26ರಲ್ಲಿ ಅದು ವೃಷಭ ರಾಶಿಯಲ್ಲಿ, ಕೃತ್ತಿಕಾ ನಕ್ಷತ್ರಗುಚ್ಛದಿಂದ ಸ್ವಲ್ಪ ದಕ್ಷಿಣಕ್ಕಿದೆ. ನವೆಂಬರ್‌ನಿಂದ ಜನವರಿವರೆಗಿನ ರಾತ್ರಿಗಳು ಅನುಕೂಲ. ಆಕಾಶದ ನಕ್ಷೆ ತೋರಿಸುವ ಆ್ಯಪ್ ಹಿಡಿದು, ಚಂದ್ರ ಇಲ್ಲದ ರಾತ್ರಿ ಹಿರಿಯರ ಜೊತೆ ಹೊಲದ ಕಡೆ ಹೋಗಿ ನೋಡಬಹುದು.

ಹೊರಡುವ ಮೊದಲೇ ಮಗುವಿಗೆ ಹೇಳಿ: ಕಾಣುವುದು ಒಂದು ಸಣ್ಣ ಚುಕ್ಕೆ ಮಾತ್ರ, ಫಾರ್ವರ್ಡ್‌ನಲ್ಲಿರುವಂಥ ಗೋಲವಲ್ಲ. ಬೈನಾಕ್ಯುಲರ್‌ನಿಂದ ಯಾವ ಕಾರಣಕ್ಕೂ ಸೂರ್ಯನನ್ನು ನೋಡಬಾರದು, ಕಣ್ಣು ಹೋಗುತ್ತದೆ. ಚುಕ್ಕೆ ಸಿಕ್ಕಿದರೆ, ಆ ಬೆಳಕು ಎರಡೂವರೆ ಗಂಟೆಗೂ ಹಿಂದೆ ಅಲ್ಲಿಂದ ಹೊರಟದ್ದು ಎಂದು ನೆನಪಿಸಿ.

ಮುಂದಿನ ಬಾರಿ ಗ್ರಹಗಳ ಸಾಲಿನ ಫಾರ್ವರ್ಡ್ ಬಂದರೆ ಕಳಿಸುವ ಮುನ್ನ ಮೂರು ಪ್ರಶ್ನೆ ಕೇಳಿಕೊಳ್ಳಿ. ಚಿತ್ರ ನಿಜವಾದದ್ದೋ, ಕಂಪ್ಯೂಟರ್‌ನಲ್ಲಿ ಮಾಡಿದ್ದೋ? ದಿನಾಂಕ, ಹೊತ್ತು, ದಿಕ್ಕು ಹೇಳಿದ್ದಾರೆಯೇ? ಬರೀ ಹೆದರಿಸಿ ಬಿಟ್ಟಿದ್ದಾರೆಯೇ? ಉತ್ತರ ಸರಿ ಎನಿಸದಿದ್ದರೆ ಅದನ್ನು ಅಲ್ಲಿಗೇ ನಿಲ್ಲಿಸಿ. ಬದಲಿಗೆ ಮನೆಯ ಮಗುವಿಗೆ ಊದುಬತ್ತಿ ಕಡ್ಡಿ ಚುಚ್ಚಿದ ನಿಂಬೆಹಣ್ಣು ಕೊಡಿ.