ಗೋಡಂಬಿ: ಪಾವಗಡ ಸೀಮೆಯ ಹಿತ್ತಿಲಲ್ಲಿ

ಗೋಡಂಬಿ ಮಾವಿನ ಕುಟುಂಬಕ್ಕೆ ಸೇರಿದ, ವರ್ಷವಿಡೀ ಹಸಿರಾಗಿರುವ ಮರ. ತುಮಕೂರು ಜಿಲ್ಲೆಯ ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆ ಕಡೆಯ ಒಣಸೀಮೆಯಲ್ಲಿ ಮನೆಯ ಹಿತ್ತಿಲಿಗೆ ತಿನ್ನುವ ಬೀಜದ ಮರವೊಂದು ಬೇಕೆಂದರೆ ಮೊದಲು ಹೇಳಬೇಕಾದ ಹೆಸರು ಇದೇ.

ಗೋಡಂಬಿಯ ತವರು ಬ್ರೆಜಿಲ್. 16ನೇ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ನಮ್ಮ ಪಶ್ಚಿಮ ಕರಾವಳಿಗೆ ತಂದರು. ಕರಾವಳಿಯವರು ಇದನ್ನು ಗೇರು ಎನ್ನುತ್ತಾರೆ. ಬಯಲುಸೀಮೆಯಲ್ಲಿ ಗೇರುಕಾಯಿ ಎಂದರೆ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರು. ಪಾವಗಡದ ಮನೆಮಾತಿನಲ್ಲಿ ಬೆರೆತಿರುವ ತೆಲುಗಿನಲ್ಲೂ ಕರಿಗೇರು ‘ಜೀಡಿ’, ಗೋಡಂಬಿ ‘ಜೀಡಿಮಾಮಿಡಿ’. ಎರಡೂ ಒಂದೇ ಕುಟುಂಬದವು, ಎರಡರ ಸಿಪ್ಪೆಯ ಎಣ್ಣೆಯೂ ಚರ್ಮ ಸುಡುತ್ತದೆ. ಜನ ಒಂದರ ಹೆಸರನ್ನು ಇನ್ನೊಂದಕ್ಕೆ ಕೊಟ್ಟದ್ದರಲ್ಲಿ ಒಳ್ಳೆಯ ಸಸ್ಯಜ್ಞಾನವಿದೆ.

ಪಾವಗಡ ತಾಲ್ಲೂಕಿನ ತಿರುಮಣಿ ಇಂದು ಹೊರಗಿನವರಿಗೆ ಗೊತ್ತಿರುವುದು ಸೌರ ವಿದ್ಯುತ್ತಿನಿಂದ. ಸುತ್ತಲಿನ ಊರುಗಳ ಸುಮಾರು 13,000 ಎಕರೆಯನ್ನು ರೈತರಿಂದ ಗುತ್ತಿಗೆಗೆ ಪಡೆದು, 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಪಾರ್ಕ್ ಕಟ್ಟಲಾಗಿದೆ. ಅದರ ಮೊದಲ ಹಂತ 2018ರಲ್ಲಿ ಉದ್ಘಾಟನೆಯಾಯಿತು. ಹೊಲವನ್ನೆಲ್ಲ ಗುತ್ತಿಗೆಗೆ ಕೊಟ್ಟ ಮನೆಗೆ ಕೈಯಾಡಿಸಲು ಉಳಿಯುವ ಮಣ್ಣು ಹಿತ್ತಿಲೊಂದೇ. ಅಲ್ಲಿ ಯಾವ ಮರ ನೆಡಬೇಕೆಂಬ ಪ್ರಶ್ನೆ ಹಾಗಾಗಿ ಸಣ್ಣದಲ್ಲ.

ನೀರು ಬಸಿದುಹೋಗುವ ಕೆಂಪು ಮರಳುಮಿಶ್ರಿತ ಮಣ್ಣು ಗೋಡಂಬಿಗೆ ಹಿತ. ಚೌಳು ನೆಲ, ನೀರು ನಿಲ್ಲುವ ತಗ್ಗು ಎರಡೂ ಆಗದು. ಬಚ್ಚಲ ನೀರಿನ ಬಾಯಿಗೆ ಬಾಳೆ ನೆಟ್ಟ ಹಾಗೆ ಇದನ್ನು ನೆಟ್ಟರೆ ಬೇರು ಕೊಳೆಯುತ್ತದೆ. ಮರ ಅಗಲಕ್ಕೆ ಹರಡುವುದರಿಂದ ಸುತ್ತ 7–8 ಮೀಟರ್ ಜಾಗ ಬಿಡಬೇಕು. 30×40 ಅಡಿ ನಿವೇಶನದಲ್ಲಿ ಮನೆ ಕಟ್ಟಿ ಉಳಿದ ಮೂಲೆಗೆ ಇದು ತಕ್ಕ ಮರವಲ್ಲ.

ತಳಿಯ ಆಯ್ಕೆಯಲ್ಲಿ ಕರಾವಳಿಯ ಕಡೆ ನೋಡಬೇಕಾಗಿಲ್ಲ. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯ, ಉಳ್ಳಾಲದ ಕೇಂದ್ರಗಳು ಹೆಸರಾದವೇ ಆದರೂ, ಬಯಲುಸೀಮೆಗೆಂದೇ ಚಿಂತಾಮಣಿಯ ಸಂಶೋಧನಾ ಕೇಂದ್ರ ಚಿಂತಾಮಣಿ-1 ತಳಿಯನ್ನು ಕೊಟ್ಟಿದೆ. ಇದರ ಒಂದು ಬೀಜ ಸುಮಾರು 7 ಗ್ರಾಂ ತೂಗುತ್ತದೆ. ಬೀಜದಿಂದ ಎದ್ದ ಸಸಿ ತಾಯಿಮರದಂತೆಯೇ ಬರುವುದೆಂಬ ಭರವಸೆಯಿಲ್ಲ, ಫಲಕ್ಕೂ ಹೆಚ್ಚು ವರ್ಷ ಕಾಯಬೇಕು, ಕಸಿಗಿಡವನ್ನೇ ನೆಡಬೇಕು.

ಎರಡಡಿ ಗುಂಡಿ ತೆಗೆದು, ಕೊಟ್ಟಿಗೆ ಗೊಬ್ಬರ ಬೆರೆಸಿ, ಮಳೆಗಾಲದಲ್ಲಿ ನೆಡುವುದು ವಾಡಿಕೆ. ಪಾವಗಡದಲ್ಲಿ ಸೆಪ್ಟೆಂಬರ್–ಅಕ್ಟೋಬರ್ ಮಳೆಯೇ ಜೋರಾದ್ದರಿಂದ ಅದಕ್ಕೆ ಮೊದಲೇ ಗಿಡ ನೆಲದಲ್ಲಿರುವುದು ಲೇಸು. ಕಸಿಯ ಗಂಟು ಮಣ್ಣಿನ ಮೇಲೆಯೇ ಉಳಿಯಬೇಕು, ಅದಕ್ಕೆ ಸುತ್ತಿದ ಪ್ಲಾಸ್ಟಿಕ್ ಪಟ್ಟಿ ಬಿಚ್ಚಬೇಕು. ಗಂಟಿನ ಕೆಳಗೆ ಬರುವ ಚಿಗುರನ್ನು ಕಂಡಾಗಲೆಲ್ಲ ಚಿವುಟಬೇಕು. ಬಿಟ್ಟರೆ ಕಸಿ ಸತ್ತು ಬುಡದ ಗಿಡವೇ ಮರವಾಗುತ್ತದೆ. ಮನೆಯವರು ಹೆಚ್ಚಾಗಿ ತಪ್ಪುವುದು ಇಲ್ಲೇ. ಮೊದಲ ಎರಡು ವರ್ಷದ ಹೂವನ್ನೂ ತೆಗೆಯಬೇಕು, ಮನಸ್ಸು ಗಟ್ಟಿಮಾಡಿಕೊಂಡು. ಮೂರನೆಯ ವರ್ಷದಿಂದ ಕಾಯಿ ಬಿಡಬಹುದು.

ಮೊದಲ ಮೂರು ಬೇಸಿಗೆ ದಾಟಿದರೆ ಮರ ತಾನೇ ನಿಲ್ಲುತ್ತದೆ. ಅಲ್ಲಿಯವರೆಗೆ ಬುಡಕ್ಕೆ ಒಣಎಲೆ, ಕಡಲೆಕಾಯಿ ಸಿಪ್ಪೆ ಹೊದಿಸಿ, ಪಕ್ಕದಲ್ಲಿ ಸಣ್ಣ ತೂತಿನ ಮಡಕೆ ಹೂತು ನೀರು ತುಂಬಿದರೆ ಕೊಡ ನೀರೂ ಹಲವು ದಿನಕ್ಕೆ ಒದಗುತ್ತದೆ.

ಚಿಗುರು, ಹೂಗೊಂಚಲು ಸುಟ್ಟಂತೆ ಒಣಗಿದರೆ ಟೀ ಸೊಳ್ಳೆ ಎಂಬ ಕೀಟದ ಕಾಟ. ಬುಡದಲ್ಲಿ ತೂತು, ಅಂಟು, ಹೊಟ್ಟು ಕಂಡರೆ ಕಾಂಡ ಕೊರೆಯುವ ಹುಳು ಸೇರಿದೆ; ತಡಮಾಡದೆ ಉಳಿಯಿಂದ ಕೆತ್ತಿ ಹುಳು ತೆಗೆಯಬೇಕು.

ಮಾರ್ಚ್‌ನಿಂದ ಮೇವರೆಗೆ ತಾನಾಗಿ ಉದುರಿದ ಹಣ್ಣಿನಿಂದ ಬೀಜ ತಿರುಚಿ ತೆಗೆದು, ಎರಡು ಮೂರು ದಿನ ಬಿಸಿಲಿಗೆ ಹಾಕಬೇಕು. ಹಸಿ ಬೀಜವನ್ನು ಹಲ್ಲಿನಿಂದ ಕಚ್ಚಬಾರದು, ಮಕ್ಕಳ ಕೈಗೆ ಕೊಡಬಾರದು. ಸುಡುವುದಾದರೆ ಬಯಲಿನಲ್ಲಿ, ಗಾಳಿಗೆ ಬೆನ್ನು ಮಾಡಿ. ಸಿಪ್ಪೆಯನ್ನು ಬಚ್ಚಲ ಒಲೆಗೂ ಹಾಕಬಾರದು. ಅದರ ಹೊಗೆ ಕಣ್ಣು, ಗಂಟಲು ಉರಿಸುತ್ತದೆ.

ಹಣ್ಣು ಒಂದು ದಿನದಲ್ಲೇ ಕೆಡುವುದರಿಂದ ಪೇಟೆಗೆ ಬರುವುದಿಲ್ಲ. ಅದರಲ್ಲಿ ಕಿತ್ತಳೆಗಿಂತ ಹೆಚ್ಚು ಸಿ ಜೀವಸತ್ವವಿದೆ. ಒಗರು ಗಂಟಲು ಹಿಡಿಯುತ್ತದೆನ್ನುವವರು ಹೋಳು ಮಾಡಿ, ಉಪ್ಪು ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ತಿನ್ನಬೇಕು.